ಪಕ್ಕದ ಬೋರ್ಡು

ಮೊನ್ನೆ ತರಗತಿಯಲ್ಲಿ ಹಾಜರಿ ಕರೆಯಲು ಪೆನ್ನಿಗಾಗಿ ಬ್ಯಾಗಿನೊಳಗೆ ಕೈ ಹಾಕಿದರೆ, ಪೆನ್ನಿನ ಜೊತೆಗೆ ಮದುವೆ ಕಾಗದದಿಂದ ಕತ್ತರಿಸಿದ ಉದ್ದನೆಯ ತುಂಡೊಂದು ಬಂದು ಕೆಳಗೆ ಬಿತ್ತು. ಅದರ ಅಂಚು ಎಣ್ಣೆ ಕುಡಿದು ಕಂದಾಗಿತ್ತು. ಮುಂದಿನ ಬೆಂಚಿನ ಹುಡುಗಿ ಹೆಕ್ಕಿಕೊಟ್ಟು, "ಇದ್ ಎಂತ ಮೇಡಂ?" ಎಂದಳು. "ಪುಸ್ತಕದೊಳಗೆ ಗುರುತಿಗೆ ಇಡುವುದು" ಎಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಆ ಹೊತ್ತಿನ ಪಾಠವೂ ಶಾಖದ ಮೇಲೆಯೇ ಇತ್ತು.

ನಿಮ್ಮ ಹತ್ತಿರ ನಿಜ ಹೇಳಬಹುದು. ಅದು ನನ್ನ ಕೋವಿಯ ಕಾಗದ. ಕೋವಿಯ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಇರಬೇಕು. ಇದೆಯೋ ಇಲ್ಲವೋ ಎಂದು ನೋಡಲು ದಪ್ಪ ಕಾಗದವನ್ನು ತೂರಿಸಿ ಎಳೆಯಬೇಕು. ಅದಕ್ಕೆ ಮದುವೆ ಕಾಗದದಷ್ಟು ಹದವಾದ ವಸ್ತು ಇನ್ನೊಂದಿಲ್ಲ. ನಮ್ಮ ಮನೆಗೆ ಬಂದ ಮದುವೆ ಕಾಗದಗಳಿಗೆಲ್ಲ ವಧೂವರರ ಹೆಸರಿದ್ದರೆ ಅಂಚಿಲ್ಲ, ಅಂಚಿದ್ದರೆ ಮುಹೂರ್ತವಿಲ್ಲ.

ಐವತ್ತರ ಹತ್ತಿರದ, ಬ್ರಹ್ಮಾವರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಹೆಂಗಸಿಗೆ ಕೋವಿ ಎಂಥದ್ದು ಎಂದು ನೀವು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಅದು ಹಂದಿ ಹೊಡೆಯುವ ಕೋವಿಯೂ ಅಲ್ಲ. ಪಾಯಿಂಟ್ ಟೂ ಟೂ. ಕಿರುಬೆರಳಿಗಿಂತ ಸಪೂರ ತೋಟೆ, ಹಿಂಬದಿಯ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. ಸದ್ದು ಕೂಡ ತೆಂಗಿನ ಒಣಗರಿ ಮುರಿದಷ್ಟೇ. ಸರಕಾರಿ ಕಾರ್ಖಾನೆಯಲ್ಲಿ ತಯಾರಾದ, ಕೋವಿಗಳ ಪೈಕಿ ಬಡಪಾಯಿ ಅನ್ನಬಹುದಾದ ಜಾತಿಯದು. ಕಾಗದದ ಬೋರ್ಡಿನ ಕಪ್ಪು ಮಚ್ಚೆಗೆ ಗುರಿಯಿಟ್ಟು ಹೊಡೆಯುವುದು ಬಿಟ್ಟರೆ ನನಗೆ ಅದರಿಂದ ಬೇರೆ ಉಪಯೋಗವಿಲ್ಲ.

ಆದ್ದರಿಂದ ನಾನು ಅದನ್ನು ಮುಚ್ಚಿಟ್ಟುಕೊಂಡೇ ತಿರುಗುತ್ತೇನೆ. ಉದ್ದನೆಯ ಕಪ್ಪು ಚೀಲ ಹೊತ್ತು ಭಾನುವಾರ ಬೆಳಿಗ್ಗೆ ಹೊರಡುವುದನ್ನು ಕಂಡು ಪಕ್ಕದ ಮನೆಯವರು, "ತಂಬೂರಿ ಕಲೂಕೆ ಹೋತ್ರ್ಯಾ ಟೀಚರೇ?" ಎಂದು ಕೇಳಿದ್ದರು. ನಾನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ಬರೀ ನಕ್ಕೆ. ಆ ನಗೆಯ ಫಲವಾಗಿ ನವರಾತ್ರಿಯ ಭಜನೆಗೆ ಕರೆದು ಎದುರು ಸಾಲಿನಲ್ಲಿ ಕೂರಿಸಿದರು. "ಗಂಟಲು ಸರಿ ಇಲ್ಲ" ಎಂದು ಕೈಸನ್ನೆ ಮಾಡಿ, ಮಂಗಳಾರತಿಯ ತನಕ ಬಾಯಿ ಬಿಡದೆ ಕೂತು ಬಂದೆ.

ಚುನಾವಣೆ ಬಂದರೆ ಇನ್ನೊಂದು ಪರೀಕ್ಷೆ. ಆಗ ಲೈಸೆನ್ಸು ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಕೊಂಬಿನಂಥ ಮೀಸೆಯ ಕೃಷಿಕರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. "ಯಜಮಾನ್ರ್ ಬರ್ಲಿಲ್ಯಾ?" ಎಂದು ಪೇದೆ ಕೇಳುತ್ತಾನೆ. ಯಜಮಾನರಿಗೆ ಕೋವಿಯೆಂದರೆ ಹೆದರಿಕೆ ಎಂದು ಅಲ್ಲಿ ಹೇಳುವುದು ಹೇಗೆ?

ಕೋವಿ ಅಪ್ಪಯ್ಯನದು. ಶಂಕರನಾರಾಯಣದ ನಮ್ಮ ಮನೆಯ ಹಿಂದಿನ ಮಣ್ಣಿನ ದರೆಗೆ ಹಗ್ಗ ಕಟ್ಟಿ ತೆಂಗಿನ ಕರಟ ಇಳಿಬಿಟ್ಟು, ಹಿತ್ತಿಲಂಗಳದಲ್ಲಿ ಚಾಪೆ ಹಾಸಿ ಮಲಗಿ ಅಪ್ಪಯ್ಯ ಗುರಿ ಹಿಡಿಯುತ್ತಿದ್ದರು. ಅವರ ಎಡಗಡೆ ಅಣ್ಣಯ್ಯ, ಬಲಗಡೆ ನಾನು. ಹೊಡೆದ ಮೇಲೆ ಬೀಳುವ ಹಿತ್ತಾಳೆಯ ಚಿಪ್ಪು ಬಿಸಿಯಿರುತ್ತಿತ್ತು. ಲಂಗದ ತುದಿಯಲ್ಲಿ ಹಿಡಿದು ಆರಿಸಿ, ಕೆಳತುಟಿಗೆ ಇಟ್ಟು ಊದಿದರೆ ಪಿಳ್ಳೆಂದು ಶಿಳ್ಳೆ ಬರುತ್ತಿತ್ತು. ಕಾಳುಗಳೆಲ್ಲ ಕಳೆದುಹೋದ ನಮ್ಮ ಚೆನ್ನೆಮಣೆಗೆ ಈ ಚಿಪ್ಪುಗಳೇ ಕಾಯಿ. ಮದ್ದಿನ ವಾಸನೆ ಹತ್ತಿದ ಕೈಯಲ್ಲಿಯೇ ಗಂಜಿ ಉಂಡು ಅಮ್ಮನಿಂದ ಬೈಸಿಕೊಂಡಿದ್ದೇನೆ.

ಅಣ್ಣಯ್ಯ ನನಗಿಂತ ಬಹಳ ದೊಡ್ಡವನು. ಮೀಸೆ ಮೂಡುವ ಮೊದಲೇ ಸೋದರಮಾವನ ಹೋಟೆಲಿಗೆಂದು ಮುಂಬಯಿಗೆ ಹೋದ. ರಜೆಗೆ ಬಂದಾಗ ಚಾಪೆಯ ಎಡಗಡೆ ಅವನ ಜಾಗ ಹಾಗೇ ಇರುತ್ತಿತ್ತು. ಅವನು ಹೊಡೆದರೆ ಕರಟ ಒಡೆಯುತ್ತಿರಲಿಲ್ಲ. ಕಣ್ಣು ಅಂತ ನಾವು ಕರೆಯುವ ಮೆತ್ತನೆಯ ತೂತಿನೊಳಗೇ ಗುಂಡು ಹೋಗುತ್ತಿತ್ತು. ಅಪ್ಪಯ್ಯ ಹೊಗಳುವವರಲ್ಲ, ಆ ಹೊತ್ತಿಗೆ ಎಲೆಅಡಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದೇ ಹೊಗಳಿಕೆ.

ವಯಸ್ಸಾದ ಮೇಲೆ ಲೈಸೆನ್ಸನ್ನು ಮಕ್ಕಳಿಗೆ ದಾಟಿಸಬೇಕಾಗಿ ಬಂದಾಗ ಅಪ್ಪಯ್ಯ ನನ್ನನ್ನು ಕರೆದರು. "ಹತ್ರ ಇಪ್ಪುದ್ ನೀನ್. ಸಹಿ ಹಾಕ್" ಎಂದರು. ನಾನು ಹಾಕಿದೆ. ಅಣ್ಣಯ್ಯನನ್ನು ಒಂದು ಮಾತು ಕೇಳಬೇಕಿತ್ತೋ ಏನೋ, ಯಾರಿಗೂ ಹೊಳೆಯಲಿಲ್ಲ. ಅಪ್ಪಯ್ಯ ತೀರಿಹೋದ ಮೇಲೆ ಅವನು ಮುಂಬಯಿ ಬಿಟ್ಟು ಬಂದು ಕುಂದಾಪುರದಲ್ಲಿ ಹೋಟೆಲು ತೆರೆದ. ಬಂದ ಹೊಸತರಲ್ಲಿ ಒಮ್ಮೆ, "ಕೋವಿ ನಿನ್ ಹೆಸ್ರಿಗ್ ಆಯ್ತ್ ಅಂಬ್ರಲೆ" ಎಂದ. ನಾನು "ಹೌದ್" ಅಂದೆ. ಅಷ್ಟೇ ಮಾತು. ಮುಂದಿನ ವರ್ಷ ಅವನು ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿ ಹೊರದೇಶದ ರೈಫಲ್ ತರಿಸಿದ. ಕನ್ನಡಿಯಂಥ ಮರ, ಮುಟ್ಟಿದರೆ ಸಾಕೆನ್ನುವ ಟ್ರಿಗರ್. ಅದರ ಪಕ್ಕದಲ್ಲಿ ನಮ್ಮ ಕೋವಿ ಸತ್ಕಾರಕೂಟಕ್ಕೆ ಬಂದ ಅಡುಗೆಮನೆಯ ಮಣೆಯ ಹಾಗೆ ಕಾಣುತ್ತಿತ್ತು.

ನಮ್ಮದು ಸಣ್ಣ ಕ್ಲಬ್ಬು. ಸಿದ್ದಾಪುರದ ದಾರಿಯಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಒಂದು ಕೋರೆಯಿದೆ. ಮೂರು ಬದಿ ಕಲ್ಲಿನ ಗೋಡೆ, ಗುಂಡು ಹೊರಗೆ ಹಾರುವ ಭಯವಿಲ್ಲ. ಬೈಂದೂರು ಕಡೆಯ, ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು ನಮ್ಮ ಮೇಲ್ವಿಚಾರಕರು. ಅವರ ಸೀಟಿ ಇಲ್ಲದೆ ಅಲ್ಲಿ ಯಾರೂ ಕೋವಿ ಮುಟ್ಟುವ ಹಾಗಿಲ್ಲ. ಪ್ರತಿ ಭಾನುವಾರ ಅಣ್ಣಯ್ಯನೂ ನಾನೂ ಅಕ್ಕಪಕ್ಕದ ಚಾಪೆಯಲ್ಲಿ ಮಲಗಿ ಹೊಡೆಯುತ್ತಿದ್ದೆವು. ಮಾತು ಕಡಿಮೆ. "ಗಾಳಿ ಇತ್ತ್" ಅಂದರೆ "ಹ್ಞೂಂ" ಅನ್ನುವಷ್ಟು. ಮುಗಿದ ಮೇಲೆ ಅವನು ತನ್ನ ಬೋರ್ಡಿನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹಬ್ಬಕ್ಕೆ ಹೋದರೂ ಅತ್ತಿಗೆಯ ಜೊತೆ ನನ್ನ ಮಾತು, ಟಿವಿಯ ಜೊತೆ ಅವನ ಮಾತು.

ಮಾತಿಲ್ಲದ ಕಡೆ ಮನುಷ್ಯ ಕೈಗೆ ಕೆಲಸ ಕೊಡುತ್ತಾನೆ. ನಾನು ಕೋವಿಯನ್ನು ಸರಿಮಾಡಲು ಕೂತೆ. ನಮ್ಮ ಮಳೆಗಾಲಕ್ಕೆ ಮರ ಉಬ್ಬಿ ನಳಿಗೆಯ ಒಂದು ಬದಿಯನ್ನು ಒತ್ತುತ್ತಿತ್ತು. ನಳಿಗೆ ಬಿಸಿಯಾದ ಹಾಗೆ ಗುಂಡುಗಳು ಆ ಒತ್ತಡಕ್ಕೆ ಗುರಿ ಬಿಟ್ಟು ಬದಿಗೆ ಓಡುತ್ತಿದ್ದವು. ಪೈಪಿನ ತುಂಡಿಗೆ ಪಾಲಿಶ್ ಪೇಪರು ಸುತ್ತಿ ನಳಿಗೆ ಕೂರುವ ಮರದ ತಗ್ಗನ್ನು ಸಂಜೆಗಟ್ಟಲೆ ತೀಡಿದೆ. ಮದುವೆ ಕಾಗದ ಸಲೀಸಾಗಿ ಓಡಾಡುವ ತನಕ ತೀಡಿ, ತೇವ ಕುಡಿಯದ ಹಾಗೆ ಎಣ್ಣೆ ಹಚ್ಚಿದೆ. ಮರವನ್ನೂ ಕಬ್ಬಿಣವನ್ನೂ ಹಿಡಿದಿಡುವ ಎರಡು ತಿರುಪುಗಳಿವೆ. ಅವನ್ನು ಎಷ್ಟು ಬಿಗಿದರೆ ಕೋವಿ ಹೇಗೆ ಹೊಡೆಯುತ್ತದೆ ಎಂದು ವಾರಕ್ಕೊಂದು ಹದ ನೋಡಿದೆ. ತೋಟೆಯ ವಿಷಯದಲ್ಲಿಯೂ ಹಾಗೇ. ಒಂದು ಕೋವಿಗೆ ಒಂದು ತೋಟೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ದುಬಾರಿಯದ್ದನ್ನೆಲ್ಲ ಉಗಿದು ನಮ್ಮ ಕೋವಿ ಒಂದು ಸಾಧಾರಣ ತೋಟೆಯನ್ನು ಒಪ್ಪಿಕೊಂಡಿತು. ಆವತ್ತು ನನಗಾದ ಸಂತೋಷ ಮಗಳಿಗೆ ರ್‍ಯಾಂಕು ಬಂದಿದ್ದರೂ ಆಗುತ್ತಿರಲಿಲ್ಲ.

"ಮಿಕ್ಸಿ ಹಾಳಾಯಿ ತಿಂಗ್ಳ್ ಆಯ್ತ್. ಕೋವಿ ಆದ್ಮೇಲೆ ಅದನ್ನೂ ಒಂಚೂರ್ ಕಾಣ್" ಎಂದರು ನಮ್ಮವರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಸ್ಪರ್ಧೆ ಇದೆ. ಗೆದ್ದವರಿಗೆ ಒಂದು ಹಿತ್ತಾಳೆಯ ಕಪ್ಪು. ಆ ವರ್ಷ ನಾನು ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ, ಇಬ್ಬರು ಸಹೋದ್ಯೋಗಿಗಳು ನೋಡಲು ಬಂದಿದ್ದರು. ಹೊಸ ಸೀರೆ ಉಟ್ಟು ಚಾಪೆಯಲ್ಲಿ ಬೋರಲು ಮಲಗಲಾಗದೆ ಚೂಡಿದಾರ ಹಾಕಿದ್ದೆ. ಸೀಟಿ ಬಿತ್ತು. ಮಲಗಿದೆ. ಕೋವಿಯನ್ನು ತೋಳಿಗೆ ಬಿಗಿಯುವ ಕೈಪಟ್ಟಿ ಸರಿ ಕೂರಲಿಲ್ಲವೆಂದು ಎದ್ದು, ಬಿಗಿದು, ಮತ್ತೆ ಮಲಗಿದೆ. ಆಮೇಲೆ ನನ್ನನ್ನೂ ಕೋವಿಯನ್ನೂ ಆ ಕಪ್ಪು ಮಚ್ಚೆಯನ್ನೂ ಬಿಟ್ಟು ಬೇರೆ ಲೋಕ ಇರಲಿಲ್ಲ. ಒಂದೊಂದು ಗುಂಡೂ ಹೋದದ್ದು ಭುಜಕ್ಕೆ ಗೊತ್ತಾಗುತ್ತಿತ್ತು. ಅಷ್ಟು ಚೆನ್ನಾಗಿ ನಾನು ಎಂದೂ ಹೊಡೆದಿರಲಿಲ್ಲ.

ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ಬೋರ್ಡು ನೋಡಲು ನಡೆದೆವು. ನನ್ನ ಬೋರ್ಡು ಅಂಗಡಿಯಿಂದ ತಂದ ಹಾಗೆಯೇ ಇತ್ತು. ಒಂದು ತೂತಿಲ್ಲ.

ಸುಬೇದಾರರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು. "ಮೇಡಂ, ನೀವ್ ಯಾವ್ ಬೋರ್ಡಿಗ್ ಹೊಡ್ದದ್ದ್?"

ನಾನು ಪಕ್ಕಕ್ಕೆ ತಿರುಗಿದೆ. ಅಣ್ಣಯ್ಯನ ಬೋರ್ಡಿನಲ್ಲಿ ಇರಬೇಕಾದ್ದಕ್ಕಿಂತ ಇಮ್ಮಡಿ ಗುಂಡುಗಳು. ಮಚ್ಚೆಯ ನಡುವಿನಲ್ಲಿ ಒಂದೇ ಒಂದು ತೂತು, ಗುಂಡಿನ ಮೇಲೆ ಗುಂಡು ಬಿದ್ದು ಅಂಚು ಹರಿದು ಹಸಿದ ಬಾಯಿಯ ಹಾಗೆ. ಉಳಿದವು ಚೆದುರಿ, ಮೂಲೆಗೊಂದು ಕೆಳಗೊಂದು. ಕೈಪಟ್ಟಿ ಬಿಗಿದು ಮತ್ತೆ ಮಲಗುವಾಗ ನನ್ನ ಮೈ ಅಷ್ಟೇ ಅಷ್ಟು ಓರೆಯಾಗಿತ್ತು. ಕಣ್ಣಿಗೆ ಎದುರಾದ ಮಚ್ಚೆಗೆ ಹೊಡೆದಿದ್ದೆ. ಬೋರ್ಡಿನ ತಲೆಯ ಮೇಲಿನ ನಂಬರು ನೋಡಲಿಲ್ಲ. ಮಕ್ಕಳಿಗೆ ಪ್ರತಿ ಪರೀಕ್ಷೆಯ ದಿನ, "ಮೊದಲು ಪ್ರಶ್ನೆಯ ನಂಬರು ಹಾಕಿ" ಎಂದು ಹೇಳುವವಳು ನಾನು.

ಹಿಂದಿನಿಂದ ನಗು ಬಂತು. ಕೆಟ್ಟ ನಗುವಲ್ಲ, ಆದರೂ ನಗು. ಸುಬೇದಾರರು ನಿಯಮ ಹೇಳಿದರು: ಒಂದೇ ಬೋರ್ಡಿನಲ್ಲಿ ಇಬ್ಬರ ಗುಂಡು ಸೇರಿ ಯಾರದ್ದು ಯಾವುದೆಂದು ತಿಳಿಯದಿದ್ದರೆ, ಒಳ್ಳೆಯವು ಬೋರ್ಡಿನ ಯಜಮಾನನಿಗೆ. ಹಾಗೆ ಕಪ್ಪು ಅಣ್ಣಯ್ಯನಿಗೆ ಹೋಯಿತು. ಯಾರಿಗೂ ಸಂಶಯವೂ ಇರಲಿಲ್ಲ. ಹೊರದೇಶದ ರೈಫಲ್ ಒಂದೇ ತೂತು ಮಾಡಿದೆ, ಅಪ್ಪಯ್ಯನ ಹಳೇ ಕೋವಿ ಮೂಲೆಮೂಲೆ ಸುತ್ತಿದೆ. ಹೆಮ್ಮಾಡಿಯ ಸದಸ್ಯರೊಬ್ಬರು ನನ್ನ ಹೆಗಲು ತಟ್ಟುವವರಂತೆ, "ಹೋಯ್ಲಿ ಬಿಡಿ ಮೇಡಂ. ಅಣ್ಣನ್ ಬೋರ್ಡ್ ಅಲ್ದಾ, ನಿಮ್ದ್ ಮೂಲಿಗ್ ಬಿದ್ದದ್ರಿಂದ ಅವ್ರಿಗೇನ್ ನಷ್ಟ ಇಲ್ಲೆ" ಎಂದರು.

ನಾನು ಅಣ್ಣಯ್ಯನ ಮುಖ ನೋಡಿದೆ. ಗುರಿ ಹಿಡಿದವರಿಗೆ ತಮ್ಮ ಗುಂಡು ಗೊತ್ತಿರುತ್ತದೆ. ಅವನು ಬೋರ್ಡಿನ ಕಡೆ ಒಮ್ಮೆ ತಿರುಗಿ, ಕಪ್ಪು ತೆಗೆದುಕೊಂಡ. ಫೋಟೋಕ್ಕೆ ನಿಂತ.

ನಾಚಿಕೆಗೂ ಸಿಟ್ಟಿಗೂ ಒಂದೇ ಜಾಗ ಇರುವುದೋ ಏನೋ. ಬರುವಾಗ ದಾರಿಯುದ್ದಕ್ಕೂ ಎರಡೂ ಒಂದೇ ಸೀಟಿನಲ್ಲಿ ಕೂತಿದ್ದವು. ಸೋಮವಾರ ಸ್ಟಾಫ್ ರೂಮಿಗೆ ಹೋದರೆ ಕನ್ನಡ ಮೇಷ್ಟ್ರು ಎದ್ದು ನನ್ನ ಕುರ್ಚಿ ಎಳೆದು ತೋರಿಸಿ, "ಮೇಡಂ, ನಿಮ್ಮದು ಇದು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನದ ಬುತ್ತಿಯನ್ನು ಹಾಗೇ ಮನೆಗೆ ತಂದೆ. ತಪ್ಪು ಬೋರ್ಡಿಗೆ ಹೊಡೆದೆ ಎನ್ನುವುದನ್ನು ಹೇಗೋ ನುಂಗಬಹುದಿತ್ತು. ಕೆಟ್ಟದಾಗಿ ಹೊಡೆದೆ ಎನ್ನುವುದನ್ನು ಆಗಲಿಲ್ಲ.

ಬೋರ್ಡಿನ ಪಟವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ನನ್ನ ಕೋವಿ ಈ ತೋಟೆಯಲ್ಲಿ ನಡುವಿಗಿಂತ ಒಂದು ಎಳೆ ಬಲಕ್ಕೆ ಗುಂಪು ಕಟ್ಟುತ್ತದೆ. ಹಿಂದಿನ ವಾರಗಳ ಕಾಗದಗಳನ್ನು ಪಕ್ಕದಲ್ಲಿಟ್ಟರೆ ಎಂಥವರಿಗೂ ತಿಳಿಯುವ ಹಾಗಿತ್ತು. ಪಟವನ್ನು ಅಣ್ಣಯ್ಯನಿಗೆ ತೋರಿಸಿ, ನೀನೇ ಹೇಳು ಎನ್ನುವುದು ನನ್ನ ಲೆಕ್ಕ. ಕಪ್ಪು ಬೇಡ, ಒಂದು ಮಾತು ಸಾಕು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದು ಹೋಟೆಲಿಗೆ ನಡೆಯುವ ತನಕ ಆ ಮಾತನ್ನು ಅವನ ಬಾಯಲ್ಲಿ ನಾನೇ ಹತ್ತು ಬಗೆಯಲ್ಲಿ ಆಡಿಸಿದ್ದೆ.

ಊಟದ ಗಲಾಟೆ ಮುಗಿದು ಚಾದ ಗಲಾಟೆ ಶುರುವಾಗದ ಹೊತ್ತು. ಅಣ್ಣಯ್ಯ ಗಲ್ಲೆಯಲ್ಲಿ ಕೂತಿದ್ದ. ಹಿಂದಿನ ಕಪಾಟಿನಲ್ಲಿ ಗಣಪತಿಯ ಪಕ್ಕ ಕಪ್ಪು ಇತ್ತು.

"ಬಾ ಹೆಣೆ. ಕಾಪಿ ಕುಡಿತ್ಯಾ?" ಎಂದ. ತಂಗಿಯನ್ನು ನಮ್ಮ ಕಡೆ ಹೆಣೆ ಎಂದೇ ಕರೆಯುವುದು.

"ಬೇಡ. ಇದನ್ ಒಂಚೂರ್ ಕಾಣ್" ಎಂದು ಮೊಬೈಲನ್ನು ಅವನ ಕೈಗೆ ಕೊಟ್ಟೆ. ಪರದೆಯ ತುಂಬ ಆ ಬೋರ್ಡು, ಕಪ್ಪು ಮಚ್ಚೆ, ಹರಿದ ತೂತು.

ಅವನು ಅದನ್ನು ಮುಖದ ಹತ್ತಿರ ತಂದ. ಸ್ವಲ್ಪ ಓರೆ ಮಾಡಿದ. ಮತ್ತೆ ದೂರ ಹಿಡಿದ. ಮುಖದಲ್ಲಿ ನಿಧಾನಕ್ಕೆ ಒಂದು ನಗೆ ತಂದುಕೊಂಡ.

"ಲಾಯ್ಕ್ ಬಂದಿತ್. ಮಕ್ಳ್ ಎಷ್ಟ್ ಉದ್ದ ಆಯ್ರ್ ಕಾಣ್. ಸಣ್ಣವ್ಳ್ ಥೇಟ್ ನಮ್ ಅಮ್ಮನ್ ಹಾಂಗೇ."

ನಾನು ಎದುರಿನ ಬೆಂಚಿನಲ್ಲಿ ಕೂತೆ. ನಾನು ಯಾವಾಗಲೂ ಅವನಿಗೆ ತೋರಿಸುವುದು ನನ್ನ ಮಕ್ಕಳ ಪಟವನ್ನೇ. ಅವನು ಆ ಲೆಕ್ಕದ ಮೇಲೆ ಹೇಳಿದ್ದ. ಎಷ್ಟು ಸಲ ಹಾಗೆ ಹೇಳಿದ್ದನೋ. ನಾನು ಎಷ್ಟು ಸಲ ಖುಷಿಪಟ್ಟು ಮೊಬೈಲು ವಾಪಸ್ಸು ತೆಗೆದುಕೊಂಡಿದ್ದೆನೋ.

ಇವತ್ತು ನಾನು ಕೈ ಚಾಚಲಿಲ್ಲ. "ಮಕ್ಳ್ ಪಟ ಅಲ್ದಾ?" ಎಂದ.

"ಅಲ್ಲ."

"ಎಂತ ಅದ್?"

"ಬೋರ್ಡ್."

ಮೊಬೈಲನ್ನು ಗಲ್ಲೆಯ ಮೇಲೆ ಬೋರಲು ಮಗುಚಿಟ್ಟ. ಅಡುಗೆಮನೆಯ ಕಡೆ ಕಿವಿಕೊಟ್ಟು, ಯಾರೂ ಹತ್ತಿರ ಇಲ್ಲವೆಂದು ಆದ ಮೇಲೆ ಹೇಳಿದ. "ನಡು ಕಾಂತಿಲ್ಲೆ. ಬದಿ ಎಲ್ಲ ಕಾಣತ್ತ್, ಕಂಡದ್ದರ ನಡುವಿಗೇ ಹೊಗಿ ಕಟ್ದಾಂಗ್ ಆತ್ತ್. ಸಕ್ರಿ ಕಾಯ್ಲಿಯದ್. ನೋಟ್ ಎಲ್ಲ ಅಳತಿ ಮೇಲ್ ಗುರ್ತ್ ಮಾಡ್ತೆ."

"ಅತ್ತಿಗಿಗ್ ಗೊತ್ತಿತ್ತಾ?"

"ಇಲ್ಲೆ. ಗೊತ್ತಾರೆ ಗಲ್ಲಿ ಬಿಟ್ಟ್ ಮನಿಲ್ ಕೂಕೋ ಅಂಬ್ರ್."

"ಮತ್ತೆ ಕೋರಿಗ್ ಎಂತಕ್ ಬತ್ತಿದ್ದೆ ಅಣ್ಣಯ್ಯ? ಕಾಣದೆ ಹೊಡುದಾ?"

ಅವನು ಟವೆಲಿನಿಂದ ಗಲ್ಲೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ನೀನ್ ಬತ್ಯಲೆ, ಅದ್ಕೆ. ಬೇರೆ ಎಲ್ ಸಿಕ್ತೆ ನೀನ್?"

ನಾನು ಮೊಬೈಲನ್ನು ಎತ್ತಿ ಬ್ಯಾಗಿಗೆ ಹಾಕಿದೆ. ಅವನು ಕಪ್ಪಿನ ಕಡೆ ತಿರುಗದೆ ಮುಂದುವರಿಸಿದ. "ಆವತ್ತ್ ಎಂತಾಯ್ತ್ ಅಂತ ನಂಗ್ ಸಮಾ ತಿಳಿಲಿಲ್ಲೆ. ನಾನ್ ಗೆದ್ದೆ ಅಂದ್ರ್. ಎಲ್ಲಾರೂ ಚಪ್ಪಾಳಿ ಹೊಡ್ದ್ರ್. ಅಂದಾಜಿಗ್ ಹೊಡ್ದದ್ದ್ ಒಂದ್ ಸಲ ತಾಗಿತೋ ಏನೋ ಅಂದ್ಕಂಡೆ. ಕಾಂತಿಲ್ಲೆ ಅಂತ ಅಲ್ ಹೇಳುಕಾತ್ತಾ?"

ನಾನು ಅವನ ಮುಖವನ್ನು ನೋಡಿ, ಅಲ್ಲಿ ಕಳ್ಳತನ ಓದಿದ್ದೆ. ಅದು ಏನೂ ಕಾಣದವನೊಬ್ಬನು ಕಂಡವನ ಹಾಗೆ ನಿಲ್ಲುವ ಪಾಡಾಗಿತ್ತು. ಗುರಿ, ಬೆಳಕು, ಕಣ್ಣು ಎಂದು ಪಾಠ ಹೇಳುವ ನಾನು ವಾರವಾರವೂ ಅವನ ಮಗ್ಗುಲಲ್ಲಿ ಮಲಗಿದ್ದೆ. ಕೂದಲೆಳೆಯಷ್ಟು ಜಾಗ ಹುಡುಕುವ ಗೀಳಿನಲ್ಲಿ, ಪಕ್ಕದಲ್ಲಿದ್ದವನು ತೋಟೆಯನ್ನು ತಡವಿ ತಡವಿ ತುಂಬುವುದು ನನಗೆ ಕಂಡಿರಲಿಲ್ಲ.

ಆ ದಿನ ಪಟದ ವಿಷಯ ಎತ್ತಲಿಲ್ಲ. "ನಾಳೆ ಕಣ್ಣಿನ್ ಡಾಕ್ಟ್ರ್ ಹತ್ರ ಹೋಪ" ಎಂದೆ. ಅವನು ಬೇಡವೆಂದ. ನಾನು ಅಮ್ಮನ ದನಿಯಲ್ಲಿ, "ಹೋಪ ಅಂದ್ರೆ ಹೋಪ" ಎಂದೆ. ಅತ್ತಿಗೆಗೆ ಅವನೇ ಹೇಳಿದ. ಅವರು ಅತ್ತರು, ಬೈದರು, ಮರುದಿನ ನಮಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ಡಾಕ್ಟರು ಕಣ್ಣಿಗೆ ಸೂಜಿ ಹಾಕಿದರು, ಮತ್ತೆ ಮತ್ತೆ ಬರಹೇಳಿದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಎಂದರು. ಕೋವಿ, ಡ್ರೈವಿಂಗು ಎರಡೂ ಬಿಡಬೇಕು ಅಂದಾಗ ಅಣ್ಣಯ್ಯ "ಬಿಟ್ಟೆ" ಎಂದ. ವಾಪಸು ಬರುವಾಗ ಕಿಟಕಿಯಾಚೆ ನೋಡುತ್ತ ಕೂತಿದ್ದ. ಏನು ಕಾಣುತ್ತಿತ್ತೋ ಕೇಳುವ ಧೈರ್ಯ ನನಗಾಗಲಿಲ್ಲ.

ತನ್ನ ರೈಫಲನ್ನು ಡೀಲರಿಗೆ ಒಪ್ಪಿಸಿದ ಮೇಲೊಂದು ಭಾನುವಾರ, "ನನ್ನನ್ನೂ ಕರ್ಕಂಡ್ ಹೋಗ್" ಎಂದ. ಕೋರೆಯಲ್ಲಿ ಎಲ್ಲರೂ ಸೇರಿದ ಮೇಲೆ ಸುಬೇದಾರರ ಹತ್ತಿರ ಹೋದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕಪ್ಪು.

"ಸುಬೇದಾರ್ರೆ, ಇದ್ ನಂದಲ್ಲ. ನಂಗ್ ಬೋರ್ಡೇ ಕಾಂತಿರ್ಲಿಲ್ಲೆ. ನಡುವಿಂದ್ ಎಲ್ಲ ನಮ್ ತಂಗಿ ಶೈಲಂದ್. ಮೂಲಿಗ್ ಹೋದ್ದ್ ನಂದ್."

ಯಾರೂ ನಗಲಿಲ್ಲ. ಸುಬೇದಾರರು ಕಪ್ಪನ್ನು ಹಿಡಿದುಕೊಂಡು ಅವನ ಕಣ್ಣನ್ನೇ ನೋಡಿದರು. ಹೆಮ್ಮಾಡಿಯವರು ಚಪ್ಪಾಳೆ ಶುರುಮಾಡಿದರು, ಉಳಿದವರು ಸೇರಿದರು. ಹೋಟೆಲಿನ ದಾರಿಯಲ್ಲಿ ನಾನು ಹತ್ತು ಬಗೆಯಲ್ಲಿ ಅವನ ಬಾಯಲ್ಲಿ ಆಡಿಸಿದ್ದ ಮಾತು ಅದೇ. ಬಂದಾಗ ತಲೆ ಎತ್ತಲಾಗಲಿಲ್ಲ. ಚಪ್ಪಲಿಯ ಹತ್ತಿರ ಬಿದ್ದಿದ್ದ ಕೆಂಪು ಹುಡಿಯನ್ನು ಹೆಬ್ಬೆರಳಲ್ಲಿ ಗೀರುತ್ತ ನಿಂತೆ. ಕಪ್ಪನ್ನು ನಾನು ತೆಗೆದುಕೊಳ್ಳಲಿಲ್ಲ. ತಪ್ಪು ಬೋರ್ಡಿಗೆ ಹೊಡೆದವಳಿಗೆ ಸೊನ್ನೆಯೇ ಎಂದು ನಿಯಮ, ಕಪ್ಪು ಕ್ಲಬ್ಬಿನ ಕಪಾಟಿನಲ್ಲಿ ಹೆಸರಿಲ್ಲದೆ ಇದೆ.

ಹೊಡೆಯುವ ಮನಸ್ಸಿರಲಿಲ್ಲ. ಅಣ್ಣಯ್ಯ ಬಿಡಲಿಲ್ಲ. ನನ್ನ ಚಾಪೆಯ ಹಿಂದೆ ಕುರ್ಚಿ ಹಾಕಿಸಿ ಕೂತ. ನಾನು ಮಲಗಿದೆ. ಈ ಸಲ ನಂಬರು ನೋಡಿದೆ. ಪ್ರತಿ ಸದ್ದಿಗೂ ಅವನ ಕುರ್ಚಿ ಅಷ್ಟಿಷ್ಟು ಕಿರುಗುಟ್ಟುತ್ತಿತ್ತು. ಸೀಟಿಯಾದ ಮೇಲೆ ಬೋರ್ಡಿನ ಕಾಗದವನ್ನು ಬಿಚ್ಚಿ ತಂದು ಅವನ ತೊಡೆಯ ಮೇಲಿಟ್ಟೆ.

ಅವನು ಅದನ್ನು ನೋಡಲು ಹೋಗಲಿಲ್ಲ. ಅಂಗೈಯಲ್ಲಿ ಒಮ್ಮೆ ಸವರಿ, ತೋರುಬೆರಳನ್ನು ಅಂಚಿನಿಂದ ಒಳಗೆ ನಿಧಾನಕ್ಕೆ ತಂದ. ನಡುವಿನ ಹರಿದ ಜಾಗ ಸಿಕ್ಕಿತು. ಬೆರಳನ್ನು ಅದರ ಸುತ್ತ ತಿರುಗಿಸಿದ. ಅಲ್ಲಿಂದ ಹೊರಟು ಮೇಲೆ, ಕೆಳಗೆ, ಎರಡೂ ಬದಿ, ನಾಲ್ಕೂ ಮೂಲೆ ಹುಡುಕಿದ. ಮತ್ತೆ ನಡುವಿಗೆ ಬಂದ.

"ಎಲ್ಲಾ ತೋಟಿ ಹೊಡ್ದ್ಯಾ?" ಎಂದ.

"ಹೊಡ್ದೆ."

"ನಂಗ್ ಒಂದೇ ತೂತ್ ಸಿಕ್ಕತ್ತಲೆ ಹೆಣೆ."